ಹದಿನೇಳನೇ ನಂಬರಿನ ಬಾಡಿಗೆ ಪುಸ್ತಕ

ಎಸ್ಟೇಟ್ ಎಂದರೆ ಇಲ್ಲಿ ತೋಟವಲ್ಲ, ದೊರೆಯ ಜಹಗೀರೂ ಅಲ್ಲ.
ಲಂಡನ್ನಿನ ಟ್ರಾಮ್ ದಣಿದು ನಿಲ್ಲುವಲ್ಲಿ
ಎಲೆಕೋಸಿನ ಹೊಲವೊಂದಿತ್ತು, ಲಾರ್ಕ್‌ಮೆಡ್ ಅಂತ.
ಅದರ ಮೇಲೆ ಕೌನ್ಸಿಲ್ಲಿನವರು ಸಾಲು ಹಿಡಿದು ಕಟ್ಟಿದ
ಕೆಂಪಿಟ್ಟಿಗೆಯ ಗಿಡ್ಡ ಮನೆಗಳು.

ಹದಿನೇಳು ನನ್ನಜ್ಜಿಯದು, ಹೆಸ್ಟರ್ ಪಿಲ್‌ಬೀಮಳದು.
ಅವಳದು ಅನ್ನಬಾರದು.
ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ,
ಕಟ್ಟಿದ್ದು ಕೌನ್ಸಿಲ್ಲು,
ನೋಡುತ್ತಿದ್ದದ್ದು ಸೋಮವಾರ ಸೋಮವಾರ ಮಿಸ್ ಓಟ್‌ವೇ:
ಕಿಟಕಿಯ ಪರದೆ, ಒಲೆಯ ಬೂದಿ,
ಮಕ್ಕಳ ಕಿವಿಯ ಹಿಂಬದಿ.

ಬಾಡಿಗೆ ಪುಸ್ತಕ ನನ್ನ ಮಡಿಲಲ್ಲಿದೆ.
ರಟ್ಟಿನ ಒಳಗಡೆ ಅಚ್ಚಾದ ನಿಯಮಗಳು.
ಪಾರಿವಾಳ ಸಾಕಕೂಡದು.
ಬೇಲಿ ಮೂರಡಿ ಮೀರಕೂಡದು.
ಬಾಗಿಲಿನ ಹಸಿರು ಬದಲಿಸಕೂಡದು.
ಕೆಳಗೆ ತಾತ ಆಂಬ್ರೋಸ್ ಪೆನ್ಸಿಲ್ಲಲ್ಲಿ ಬರೆದಿದ್ದಾನೆ:
ಉಸಿರಾಡಬಹುದೋ, ಕೇಳಿ ಹೇಳು.

ಉಸಿರಾಡಲೆಂದೇ ಬಂದವರು.
ಶೋರ್‌ಡಿಚ್ಚಿನ ಒಂದೇ ಕೋಣೆಯಲ್ಲಿ ಏಳು ಜನ,
ಅಂಗಳದ ಒಂದೇ ನಲ್ಲಿಗೆ ಮೂವತ್ತು ಸಂಸಾರ.
ಹೊರಟ ದಿನ ಹಾಸಿಗೆ, ಕುರ್ಚಿ, ಗಡಿಯಾರ
ಎಲ್ಲ ಗಂಧಕದ ಹೊಗೆ ಹೊಕ್ಕು ಬಂದವು, ತಿಗಣೆ ಸಾಯಲೆಂದು.
ತಿಂಗಳುಗಟ್ಟಲೆ ಕನಸಿಗೂ ಅದೇ ವಾಸನೆ, ಎನ್ನುತ್ತಿದ್ದಳು.

ಮೊದಲ ರಾತ್ರಿ ಯಾರಿಗೂ ನಿದ್ದೆಯಿಲ್ಲ.
ಗೋಡೆಯಾಚೆ ಕೆಮ್ಮುವವರಿಲ್ಲ,
ಮೆಟ್ಟಿಲಲ್ಲಿ ಕುಡಿದು ಉರುಳುವವರಿಲ್ಲ.
ಎಲ್ಲೋ ಒಂದು ಹಸು ಕೂಗಿದ್ದಕ್ಕೆ
ದೊಡ್ಡಪ್ಪ ಪರ್ಸಿ ಮಂಚದಡಿ ಹೊಕ್ಕನಂತೆ.

ಸ್ನಾನದ ತೊಟ್ಟಿ ಅಡುಗೆಮನೆಯಲ್ಲೇ.
ಹಲಗೆ ಮುಚ್ಚಿದರೆ ಊಟದ ಮೇಜು.
ಶನಿವಾರ ಹಲಗೆ ಎತ್ತಿ ಒಬ್ಬೊಬ್ಬರಾಗಿ ಮುಳುಗುವುದು,
ಭಾನುವಾರ ಅದರ ಮೇಲೇ ಮಾಂಸ ಹೆಚ್ಚುವುದು.
ನನ್ನಪ್ಪ ಹುಟ್ಟಿದ್ದೂ ಆ ಹಲಗೆಯ ಮೇಲೆ.

ಪಕ್ಕದ ಹತ್ತೊಂಬತ್ತರಲ್ಲಿ ಲೆಟಿ ಸ್ಕೇಲ್ಸ್.
ಗಂಡ ಹಡಗುಕಟ್ಟೆಯ ಹಮಾಲಿ; ಸಿಕ್ಕ ದಿನ ಕೆಲಸ.
ಬಡವರಿಗೆಂದು ಕಟ್ಟಿದ ಮನೆಗೆ
ಬಡವರ ಕೈಗೆಟುಕದ ಬಾಡಿಗೆ,
ಮೇಲೆ ಟ್ರಾಮಿನ ಖರ್ಚು.
ಬೆಳಗ್ಗೆ ಏಳೂವರೆಯೊಳಗೆ ಹತ್ತಿದರೆ ಅಗ್ಗದ ಟಿಕೆಟ್ಟು;
ಮಂಜು ಬಿದ್ದರೆ ಟ್ರಾಮೇ ತಡ,
ಗೇಟಿನಲ್ಲಿ ಹೆಸರು ಕೂಗಿ ಮುಗಿದಿರುತ್ತಿತ್ತು.

ಈಗ ಪುಟ ನಲವತ್ತೊಂದು. ಹನ್ನೆರಡನೇ ಇಸವಿಯ ಮಾರ್ಚ್.
ಮೂರು ವಾರ ಖಾಲಿ. ಕೆಂಪು ಶಾಯಿಯಲ್ಲಿ ‘ಬಾಕಿ’,
ಇಡೀ ಪುಸ್ತಕದಲ್ಲಿ ಬೇರೆಲ್ಲೂ ಬಾರದ ಪದ.
ತಾತನಿಗೆ ಆಗ ಕೈತುಂಬ ಕೆಲಸ,
ಪಿಯಾನೋ ಪೆಟ್ಟಿಗೆಗಳಿಗೆ ಮೆರುಗು ಹಾಕುವುದು.
ದುಡ್ಡು ಎಲ್ಲಿಗೆ ಹೋಯಿತು?
ಪುಸ್ತಕ ಹೇಳುವುದಿಲ್ಲ. ಅಜ್ಜಿಯೂ ಹೇಳಲಿಲ್ಲ.
ಹತ್ತೊಂಬತ್ತರ ಪುಸ್ತಕ ಸಿಕ್ಕಿದ್ದರೆ
ಆ ಮೂರು ವಾರ ಅಲ್ಲಿ ತುಂಬಿರುತ್ತಿದ್ದವು.

ಆದರೂ ಏಪ್ರಿಲ್ಲಿನ ಒಂದು ನಡುರಾತ್ರಿ
ಕೈಗಾಡಿಯ ಚಕ್ರಕ್ಕೆ ಗೋಣಿ ಸುತ್ತಿ
ಸ್ಕೇಲ್ಸ್ ಸಂಸಾರ ಹೊರಟೇ ಹೋಯಿತು.
ಬೆಳಗಾದರೆ ನಮ್ಮ ಹಿತ್ತಲಲ್ಲಿ
ಅವರ ಬಟ್ಟೆ ಹಿಂಡುವ ಯಂತ್ರ,
ಎರಡು ಮರದ ಉರುಳೆ, ಕಬ್ಬಿಣದ ಕಾಲು,
ನಾಲ್ಕಾಳು ಎತ್ತುವ ಭಾರ.
ಬೇಲಿ ದಾಟಿಸಿದ್ದು ಹೇಗೋ, ಸದ್ದಾಗದಂತೆ.
ಮುಂದಿನ ವಾರ ಅಲ್ಲಿಗೆ ಗುಮಾಸ್ತನೊಬ್ಬ ಬಂದ,
ಕೈಯಲ್ಲಿ ಕೊಡೆ.

ಇದು ಯಾರದ್ದು, ಮಿಸ್ ಓಟ್‌ವೇ ಕೇಳಿದಳು.
ಇಟ್ಟು ಹೋಗಿದ್ದಾರೆ, ಬರ್ತಾರೆ, ಎಂದಳಂತೆ ಅಜ್ಜಿ.

ಎಂಬತ್ತೊಂದರಲ್ಲಿ ಅಪ್ಪ ಈ ಮನೆ ಕೊಂಡ.
ಸಹಿ ಹಾಕಿ ಬಂದವನೇ ಬಾಗಿಲಿಗೆ ಹಳದಿ ಬಳಿದ.
ಬೇಲಿಯನ್ನು ಮಾತ್ರ ಸಾಯುವವರೆಗೂ
ಮೂರಡಿಗೇ ಕತ್ತರಿಸುತ್ತಿದ್ದ,
ಭಾನುವಾರ ಸಂಜೆಯೊಳಗೆ.

ನಾಳೆ ಕೀಲಿ ಕೊಡಬೇಕು.
ಕೊಳ್ಳುವ ಹುಡುಗ ಹಿತ್ತಲಿಗೆ ಹೋಗಿ ಬಂದ,
ಹಳೇ ಯಂತ್ರ ಚೆನ್ನಾಗಿದೆ,
ಸೇರಿಸಿ ಎಷ್ಟು, ಅಂದ.

ಅದು ನಮ್ಮದಲ್ಲ, ಅಂದೆ.
ಹತ್ತೊಂಬತ್ತರವರದು.